ಮುಂದಿನ ಮಳೆಗಾಲಕ್ಕೆ ಮುಂಚೆ: ಮನೆಯಲ್ಲಿರುವ ಹಾಡಿನ ಕ್ಯಾಸೆಟ್‌ಗಳನ್ನು ಉಳಿಸಿಕೊಳ್ಳುವ ಬಗೆ

ಮೂಡಿಗೆರೆ, ಸಕಲೇಶಪುರ, ಕೊಪ್ಪ, ಶೃಂಗೇರಿ ಕಡೆಯ ಮನೆಗಳಲ್ಲಿ ಕ್ಯಾಸೆಟ್ ಹಾಳಾಗುವುದು ಥಂಡಿಗೆ. ಕಡೂರು, ಅರಸೀಕೆರೆ ಕಡೆಗೆ ಇಳಿದರೆ ಧೂಳು ಮತ್ತು ಬಿಸಿಲಿಗೆ. ಚಿಕ್ಕಮಗಳೂರು, ಹಾಸನ ಎರಡು ಜಿಲ್ಲೆಯಲ್ಲೂ ಬೀರುವಿನ ಕೆಳಖಾನೆಯಲ್ಲೋ ಅಟ್ಟದ ಮೇಲಿನ ಟ್ರಂಕಿನಲ್ಲೋ ಇಂಥ ಕ್ಯಾಸೆಟ್‌ಗಳು ಇನ್ನೂ ಇವೆ. ಮದುವೆಮನೆಯ ಸೋಬಾನೆ, ಸುಗ್ಗಿಯ ಹಾಡು, ದೀಪಾವಳಿ ರಾತ್ರಿ ದೀಪ ಹಿಡಿದು ಬಂದ ಅಂಟಿಗೆ-ಪಂಟಿಗೆಯವರ ಪದ, ಬಯಲುಸೀಮೆಯ ಮೂಡಲಪಾಯ, ಯಾರದೋ ಜಗಲಿಯಲ್ಲಿ ನಡೆದ ತಾಳಮದ್ದಳೆ. ಟೇಪ್‌ರೆಕಾರ್ಡರನ್ನು ನಡುವೆ ಇಟ್ಟು ಕೆಂಪು ಗುಂಡಿ ಒತ್ತಿ ಹಿಡಿದಿಟ್ಟ ದನಿಗಳಿವು. ಇನ್ನೊಂದು ಪ್ರತಿ ಎಲ್ಲೂ ಇಲ್ಲ.

ಕೆಲಸ ಶುರು ಮಾಡಲು ಒಳ್ಳೆಯ ಕಾಲ ಶಿವರಾತ್ರಿಯ ಹೊತ್ತು. ಕಾಫಿ ಕೊಯ್ಲು ಮುಗಿದಿರುತ್ತದೆ, ಗಾಳಿ ಒಣಗಿರುತ್ತದೆ. ಒಂದು ಸಿ-60 ಕ್ಯಾಸೆಟ್ಟಿಗೆ ಓಡಿಸುವುದು ಒಂದು ಗಂಟೆ, ತಯಾರಿಗೆ ಅರ್ಧ ಗಂಟೆ, ಕೇಳಿ ವಿವರ ಬರೆಯಲು ಕನಿಷ್ಠ ಇನ್ನೊಂದು ಗಂಟೆ ಬೇಕು. ಎರಡು ದಿನಕ್ಕೊಂದರಂತೆ ಹಿಡಿದರೂ ಮುಂಗಾರು ಕೂರುವಷ್ಟರಲ್ಲಿ ನಲವತ್ತು ಮುಗಿಯುತ್ತವೆ. ಇದನ್ನು ಒಂದು ಭಾನುವಾರದಲ್ಲಿ ಮುಗಿಸುತ್ತೇನೆಂದು ಕೂತವರು ಮೂರನೇ ಕ್ಯಾಸೆಟ್ಟಿಗೇ ಎದ್ದುಬಿಡುತ್ತಾರೆ.

ಮೊದಲು ಯಾವುದು

ಎಲ್ಲ ಕ್ಯಾಸೆಟ್ಟನ್ನೂ ಮೇಜಿನ ಮೇಲೆ ಹರಡಿ ಮೂರು ಗುಂಪು ಮಾಡಿ. ಮನೆಯಲ್ಲೇ ರೆಕಾರ್ಡ್ ಮಾಡಿದ್ದು, ಅದರಲ್ಲೂ ಹಾಡಿದವರು ಈಗ ಇಲ್ಲ ಎನ್ನುವಂಥದ್ದು ಮೊದಲ ಗುಂಪು. ರೇಡಿಯೋದಿಂದ ಹಿಡಿದದ್ದು ಎರಡನೆಯದು. ಅಂಗಡಿಯಿಂದ ಕೊಂಡದ್ದು ಕೊನೆಗೆ. ಅದರ ಪ್ರತಿ ಬೇರೆಯವರ ಬಳಿಯೂ ಇರುತ್ತದೆ. ಆದರೆ ಕೊಂಡ ಕ್ಯಾಸೆಟ್ಟೆಂದು ಕೇಳದೆ ಪಕ್ಕಕ್ಕೆ ತಳ್ಳಬೇಡಿ. ಸಿನಿಮಾ ಹಾಡಿನ ಕ್ಯಾಸೆಟ್ಟಿನ ಮೇಲ್ತುದಿಯ ತೂತಿಗೆ ಕಾಗದ ತುರುಕಿದ್ದರೆ ಅಥವಾ ಟೇಪು ಅಂಟಿಸಿದ್ದರೆ, ಅದರ ಮೇಲೆ ಯಾರೋ ಬೇರೇನೋ ರೆಕಾರ್ಡ್ ಮಾಡಿದ್ದಾರೆ ಎಂದೇ ಅರ್ಥ. ಆ ತೂತಿನ ಜಾಗದಲ್ಲಿ ಚಿಕ್ಕ ಪ್ಲಾಸ್ಟಿಕ್ ನಾಲಿಗೆ ಇನ್ನೂ ಇರುವ ಕ್ಯಾಸೆಟ್ಟಾದರೆ ಅದನ್ನು ಈಗಲೇ ಮುರಿದುಬಿಡಿ. ಆಗ ತಪ್ಪಿ ಕೆಂಪು ಗುಂಡಿ ಒತ್ತಿದರೂ ಹಳೆಯದು ಅಳಿಸುವುದಿಲ್ಲ.

ಪ್ರತಿ ಕ್ಯಾಸೆಟ್ಟಿಗೂ ಒಂದು ನಂಬರು ಕೊಡಿ. ಮೃದು ಪೆನ್ಸಿಲಿನಲ್ಲಿ ಒಳಗಿನ ಕಾಗದದ ಮೇಲೆ ಬರೆಯಿರಿ, ಹೊಸ ಸ್ಟಿಕ್ಕರ್ ಅಂಟಿಸಬೇಡಿ. ನಂತರ ಎರಡೂ ಮಗ್ಗುಲು, ಡಬ್ಬಿ, ಒಳಗಿನ ಚೀಟಿ ಎಲ್ಲದರ ಫೋಟೋ ತೆಗೆಯಿರಿ. ಚೀಟಿಯಲ್ಲಿ 'ಲಚ್ಚಮ್ಮನ ಪದ, ಎರಡನೆ ಬಾಗ' ಎಂದಿದ್ದರೆ ಹಾಗೆಯೇ ಬರೆದುಕೊಳ್ಳಿ, ಕಾಗುಣಿತ ತಿದ್ದಬೇಡಿ. ಬರೆದವರು ಯಾರೆಂದು ಗುರುತಿಸಲು ಕೆಲವೊಮ್ಮೆ ಆ ತಪ್ಪೇ ಸಾಕು.

ಬೂಷ್ಟು ಹಿಡಿದಿದ್ದರೆ

ಕ್ಯಾಸೆಟ್ಟನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನಡುವಿನ ಗಾಜಿನಂಥ ಕಿಂಡಿಯಲ್ಲಿ ನೋಡಿ. ಸುತ್ತಿದ ಟೇಪಿನ ಅಂಚು ಕಂದು ಬಣ್ಣದ ನಯವಾದ ಬಿಲ್ಲೆಯ ಹಾಗೆ ಕಾಣಬೇಕು. ಅದರ ಮೇಲೆ ಬಿಳಿ ಹತ್ತಿಯ ಎಳೆಯಂಥದ್ದೋ ಬೂದಿ ಚುಕ್ಕೆಗಳೋ ಇದ್ದರೆ ಅದು ಬೂಷ್ಟು. ಇಂಥದ್ದನ್ನು ಮೆಷೀನಿಗೆ ಹಾಕಲೇಬಾರದು. ಬೀಜಾಣು ಟೇಪಿನಿಂದ ದನಿ ಓದುವ ಹೆಡ್ಡಿಗೂ ಟೇಪನ್ನು ಓಡಿಸುವ ರೋಲರಿಗೂ ಹತ್ತಿ ಮುಂದಿನ ಕ್ಯಾಸೆಟ್ಟಿಗೆ ಹೋಗುತ್ತದೆ, ಜತೆಗೆ ಟೇಪಿನ ಮೇಲಿನ ಕಾಂತೀಯ ಲೇಪವೂ ಕಿತ್ತು ಬರಬಹುದು.

ಒದ್ದೆ ಬೂಷ್ಟನ್ನು ಒರೆಸಲು ಹೋದರೆ ಮೆತ್ತಿಕೊಳ್ಳುತ್ತದೆ. ಆದ್ದರಿಂದ ಮೊದಲು ಒಣಗಿಸಬೇಕು. ಬಿಸಿಲಿಗೆ ಇಡುವಂತಿಲ್ಲ, ಒಲೆಯ ಮೇಲಿನ ಅಟ್ಟಕ್ಕೂ ಬೇಡ. ಮೆಣಸು, ಏಲಕ್ಕಿಗೆ ಒಗ್ಗುವ ಶಾಖಕ್ಕೆ ಕ್ಯಾಸೆಟ್ ಸೊಟ್ಟಗಾಗುತ್ತದೆ, ಇಲ್ಲಣ ಬೇರೆ ಕೂರುತ್ತದೆ. ಗಾಳಿಯಾಡದ ಮುಚ್ಚಳವಿರುವ ಐದು ಲೀಟರಿನ ಡಬ್ಬಿ ತೆಗೆದುಕೊಂಡು, ಸುಮಾರು 200 ಗ್ರಾಂ ಸಿಲಿಕಾ ಜೆಲ್ಲನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ ತಳಕ್ಕಿಡಿ. ಅದರ ಮೇಲೆ ಹತ್ತು ಕ್ಯಾಸೆಟ್‌ಗಳನ್ನು, ಡಬ್ಬಿಗಳಿಂದ ಹೊರಗೆ ತೆಗೆದು, ನಿಲ್ಲಿಸಿ. ಎರಡು ವಾರ ಬಿಡಿ. ಕಿತ್ತಳೆ ಬಣ್ಣದ ಜೆಲ್ ತೇವ ಹೀರಿದಾಗ ಬಣ್ಣ ಬದಲಿಸುತ್ತದೆ. ಅದನ್ನು ಕಬ್ಬಿಣದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದರೆ ಮತ್ತೆ ಮೊದಲಿನಂತಾಗುತ್ತದೆ. ಅಡುಗೆಗೆ ಬಳಸುವ ಬಾಣಲೆ ಮಾತ್ರ ಬೇಡ.

ಬೂಷ್ಟು ಒಣಗಿ ಪುಡಿಯಾದ ಮೇಲೆ ಮನೆಯಿಂದ ಹೊರಗೆ, ಗಾಳಿ ನಿಮ್ಮ ಬೆನ್ನ ಕಡೆಯಿಂದ ಬೀಸುವಂತೆ ಕೂತು, ಎನ್-95 ಮಾಸ್ಕ್ ಮತ್ತು ಕೈಗವಸು ಹಾಕಿಕೊಂಡು ಮೃದು ಬ್ರಷ್ಷಿನಿಂದ ತೆಗೆಯಿರಿ (ಒಳಗಿನದಕ್ಕೆ ಕವಚ ಬಿಚ್ಚುವ ಬಗೆ ಮುಂದೆ ಇದೆ). ಉಬ್ಬಸವಿರುವವರು ಈ ಕೆಲಸಕ್ಕೆ ಕೈ ಹಾಕಬಾರದು.

ಕವಚ ಬದಲಿಸುವುದು

ಟೇಪ್ ಚೆನ್ನಾಗಿದ್ದು ಹೊರಗಿನ ಪ್ಲಾಸ್ಟಿಕ್ ಕವಚ ಕೆಟ್ಟಿರುವುದು ತೀರಾ ಸಾಮಾನ್ಯ. ಹೆಡ್ ಬಂದು ತಾಕುವ ಜಾಗದಲ್ಲಿ, ಟೇಪಿನ ಹಿಂದೆ, ಹಿತ್ತಾಳೆ ಬಣ್ಣದ ತೆಳು ಸ್ಪ್ರಿಂಗಿಗೆ ಅಂಟಿಸಿದ ಚೌಕದ ಉಣ್ಣೆತುಂಡೊಂದು ಇರುತ್ತದೆ. ಅಂಟು ಒಣಗಿ ಅದು ಉದುರಿದರೆ ಟೇಪು ಹೆಡ್ಡಿಗೆ ಒತ್ತಿ ಕೂರುವುದಿಲ್ಲ, ಹಾಡು ಗೋಣಿಚೀಲದೊಳಗಿಂದ ಬಂದಂತೆ ಮಂಕಾಗಿ ಏರಿಳಿಯುತ್ತದೆ. ಹಾಡಿದವರ ದನಿಯೇ ಹಾಗಿತ್ತು ಎಂದುಕೊಂಡು ಹಾಗೆಯೇ ನಕಲು ಮಾಡಿಕೊಂಡರೆ ಆ ಮಂಕು ಫೈಲಿನಲ್ಲೂ ಉಳಿಯುತ್ತದೆ.

ಐದು ಸ್ಕ್ರೂ ಇರುವ ಒಂದು ಒಳ್ಳೆಯ ಕ್ಯಾಸೆಟ್ ಕೊಂಡು ಅದರ ಕವಚವನ್ನು ಬಳಸಿ. ಹಳೆಯ ಕ್ಯಾಸೆಟ್ಟಿಗೂ ಸ್ಕ್ರೂ ಇದ್ದರೆ ಸಲೀಸು. ಅಂಟಿಸಿದ್ದಾದರೆ ಅಂಚಿನ ಸಂದಿಗೆ ತೆಳು ಚಾಕುವಿನ ಬಾಯಿ ಇಟ್ಟು ಸುತ್ತಲೂ ಮೆಲ್ಲಗೆ ಬಿಡಿಸಬೇಕು. ಮೂಲೆಯಿಂದ ಶುರು ಮಾಡಿ, ಚಾಕು ಟೇಪಿನ ಕಡೆಗೆ ಜಾರದಿರಲಿ. ಎರಡೂ ಕ್ಯಾಸೆಟ್ಟನ್ನು ಬಿಳಿ ಬಟ್ಟೆಯ ಮೇಲೆ ಮಲಗಿಸಿ, ಮೇಲಿನ ಅರ್ಧವನ್ನಷ್ಟೇ ಎತ್ತಿ. ಎತ್ತಿದ ಕೂಡಲೇ ಒಂದು ಫೋಟೋ. ಟೇಪು ಎಡಗಡೆಯ ಸುರುಳಿಯಿಂದ ಹೊರಟು, ಎಡಮೂಲೆಯ ಚಿಕ್ಕ ಗಾಲಿ ಸುತ್ತಿ, ಉಣ್ಣೆತುಂಡಿನ ಮುಂದೆ ಹಾಯ್ದು, ಬಲಮೂಲೆಯ ಗಾಲಿ ಬಳಸಿ ಬಲಸುರುಳಿಗೆ ಸೇರುತ್ತದೆ. ಸುರುಳಿಗಳ ಮೇಲೂ ಕೆಳಗೂ ಜಾರುವ ತೆಳು ಹಾಳೆ ಇರುತ್ತದೆ, ಅದನ್ನು ಮರೆತರೆ ಟೇಪು ಕಿರುಗುಟ್ಟಿ ನಿಲ್ಲುತ್ತದೆ. ಎರಡು ಸುರುಳಿಗಳನ್ನೂ ಒಟ್ಟಿಗೆ, ನಡುವಿನ ಟೇಪು ಸಡಿಲ ಬಿಡದೆ, ಹೆಬ್ಬೆರಳು ಮತ್ತು ತೋರುಬೆರಳಿನಲ್ಲಿ ಎತ್ತಿ ಹೊಸ ಮನೆಗೆ ಇಳಿಸಿ. ಸ್ಕ್ರೂ ಬಿಗಿಯುವಾಗ ಎದುರುಬದುರು ಮೂಲೆಗಳಿಂದ ಬನ್ನಿ, ಪೂರ್ತಿ ಬಿಗಿಯಬೇಡಿ.

ತುಂಡಾದ ಟೇಪಿಗೆ ಅಂಗಡಿಯ ಸೆಲ್ಲೋಟೇಪ್ ಹಾಕಿದವರೇ ಹೆಚ್ಚು. ಅದರ ಅಂಟು ಬೇಸಿಗೆಯಲ್ಲಿ ಹೊರಬಂದು ಪಕ್ಕದ ಸುತ್ತಿಗೆ ಹಿಡಿದುಕೊಳ್ಳುತ್ತದೆ. ಸ್ಪ್ಲೈಸಿಂಗ್ ಟೇಪ್ ಎಂದೇ ಕೇಳಿ ತರಿಸಿಕೊಳ್ಳಿ, ಹೆಡ್ಡಿಗೆ ತಾಗದ ಒಳಮಗ್ಗುಲಿಗೆ ಮಾತ್ರ ಅಂಟಿಸಿ. ತುಂಡಾದ ತುದಿಗಳನ್ನು ಒಂದರ ಮೇಲೊಂದು ಏರಿಸದೆ ತುದಿಗೆ ತುದಿ ಕೂಡಿಸಬೇಕು.

ಕವಚ ಸರಿಯಾದ ಮೇಲೆ ಆರುಮೂಲೆಯ ಪೆನ್ಸಿಲನ್ನು ಹಲ್ಲಿನ ರಂಧ್ರಕ್ಕೆ ತೂರಿಸಿ ನಾಲ್ಕಾರು ಸುತ್ತು ಕೈಯಲ್ಲೇ ತಿರುಗಿಸಿ. ಸಲೀಸಾಗಿ ಬಂದರೆ ಮೆಷೀನಿಗೆ ಹಾಕಿ ಒಮ್ಮೆ ಕೊನೆಯವರೆಗೆ, ಮತ್ತೊಮ್ಮೆ ಹಿಂದಕ್ಕೆ ಸುತ್ತಿಸಿ. ಮೂವತ್ತು ವರ್ಷ ಒಂದೇ ಬಿಗಿಯಲ್ಲಿ ಕೂತ ಟೇಪಿಗೆ ಇದು ಬೇಕು. ಸಿ-90 ಟೇಪು ಸಿ-60ಕ್ಕಿಂತ ತೆಳು, ಸಿ-120 ಇನ್ನೂ ತೆಳು. ಇವನ್ನು ವೇಗವಾಗಿ ಸುತ್ತಿಸಲು ಹೋಗದೆ ಮಾಮೂಲಿ ವೇಗದಲ್ಲೇ ಒಮ್ಮೆ ಓಡಿಸಿಬಿಡಿ.

ಮೆಷೀನು

ಆನ್‌ಲೈನಿನಲ್ಲಿ ವಾಕ್‌ಮನ್ ಆಕಾರದ, ಯುಎಸ್‌ಬಿ ವಯರಿರುವ ಅಗ್ಗದ ಪ್ಲೇಯರ್ ಸಿಗುತ್ತದೆ. ಬೇಡ. ಅದರ ವೇಗ ನಿಲ್ಲುವುದಿಲ್ಲ, ಹಾಡು ತೊಟ್ಟಿಲಲ್ಲಿ ಕೂತಂತೆ ತೂಗುತ್ತದೆ, ಹೆಡ್ ಸರಿಮಾಡಲೂ ಆಗುವುದಿಲ್ಲ. ಹಿಂದೆ ಕೆಂಪು-ಬಿಳಿ ಲೈನ್ ಔಟ್ ಕಿಂಡಿಗಳಿರುವ ಹಳೆಯ ಡೆಕ್, ಅಂದರೆ ಸ್ಟೀರಿಯೋ ಸೆಟ್ಟಿಗೆ ಜೋಡಿಸುತ್ತಿದ್ದ ಕ್ಯಾಸೆಟ್ ಮೆಷೀನು, ಹುಡುಕಿ. ಹತ್ತರಲ್ಲಿ ಒಂಬತ್ತರಲ್ಲಿ ರಬ್ಬರ್ ಬೆಲ್ಟ್ ಹೋಗಿರುತ್ತದೆ. ಸಡಿಲವಾಗಿದ್ದರೆ ಹಾಡು ನಿಧಾನವಾಗುತ್ತದೆ, ಕರಗಿದ್ದರೆ ಒಳಗೆಲ್ಲ ಟಾರಿನಂತೆ ಮೆತ್ತಿರುತ್ತದೆ. ಊರಿನ ಹಳೇ ರೇಡಿಯೋ ಮೆಕ್ಯಾನಿಕ್ಕುಗಳು ಇದನ್ನು ಇನ್ನೂ ಮಾಡಿಕೊಡುತ್ತಾರೆ. ಅವರಿಗೂ ವಯಸ್ಸಾಗುತ್ತಿದೆ, ತಡ ಮಾಡಬೇಡಿ.

ಪ್ರತಿ ನಾಲ್ಕೈದು ಕ್ಯಾಸೆಟ್ಟಿಗೊಮ್ಮೆ ಹೆಡ್ಡನ್ನೂ, ಟೇಪನ್ನು ಎಳೆಯುವ ಉಕ್ಕಿನ ಕಡ್ಡಿಯನ್ನೂ 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಕಿವಿಕಡ್ಡಿಯಿಂದ ಒರೆಸಿ. ಹತ್ತಿಗೆ ಕಂದು ಬಣ್ಣ ಹತ್ತುವುದು ನಿಲ್ಲುವ ತನಕ ಒರೆಸಬೇಕು. ರಬ್ಬರ್ ರೋಲರಿಗೆ ಸಾಬೂನು ಬೆರೆಸಿದ ನೀರೇ ಸಾಕು, ಆಲ್ಕೋಹಾಲ್ ಪದೇಪದೇ ಬಿದ್ದರೆ ರಬ್ಬರ್ ಗಡುಸಾಗುತ್ತದೆ.

ಇನ್ನು ಹೆಡ್ಡಿನ ಓರೆ. ಇಡೀ ಕೆಲಸದಲ್ಲಿ ಅತಿ ಹೆಚ್ಚು ಫಲ ಕೊಡುವುದೂ, ಬಹಳ ಜನ ಕೈ ಬಿಡುವುದೂ ಇದನ್ನೇ. ರೆಕಾರ್ಡ್ ಮಾಡಿದ ಮೆಷೀನಿನ ಹೆಡ್ ಎಷ್ಟು ಓರೆಯಿತ್ತೋ ಓಡಿಸುವ ಹೆಡ್ಡೂ ಅಷ್ಟೇ ಓರೆ ಇರಬೇಕು. ಕೂದಲಿನಷ್ಟು ವ್ಯತ್ಯಾಸವಾದರೂ ತಾಳದ ಕಿಣಿಕಿಣಿ, ಮಾತಿನ ಸ-ಕಾರ ಶ-ಕಾರ ಮಾಯವಾಗುತ್ತವೆ. ಹೆಡ್ಡಿನ ಎರಡು ಮಗ್ಗುಲಲ್ಲಿ ಒಂದೊಂದು ಸ್ಕ್ರೂ ಇರುತ್ತದೆ. ಒಂದು ಬಿಗಿಯಾಗಿ ಕೂತಿರುತ್ತದೆ, ಇನ್ನೊಂದರ ಕೆಳಗೆ ಸ್ಪ್ರಿಂಗೋ ಮೇಲೆ ಬಣ್ಣದ ಚುಕ್ಕೆಯೋ ಇರುತ್ತದೆ. ಈ ಎರಡನೆಯದನ್ನು ತಿರುಗಿಸಬೇಕು. ಮೊದಲು ಅದರ ಈಗಿನ ಸ್ಥಾನವನ್ನು ಗುರುತು ಮಾಡಿಕೊಳ್ಳಿ. ಹಾಡು ಓಡುತ್ತಿರುವಾಗಲೇ, ಹೆಡ್‌ಫೋನಿಗೆ ಎರಡೂ ಚಾನೆಲ್ ಕೂಡಿದ ಮೋನೋ ಬರುವಂತೆ ಮಾಡಿ, ಎಂಟನೇ ಒಂದು ಸುತ್ತಿಗಿಂತ ಕಡಿಮೆ ತಿರುಗಿಸುತ್ತಾ ಹೋಗಿ. ಒಂದು ಜಾಗದಲ್ಲಿ ಇದ್ದಕ್ಕಿದ್ದಂತೆ ಕಿಟಕಿ ತೆರೆದಂತಾಗುತ್ತದೆ. ಅಲ್ಲಿಗೆ ನಿಲ್ಲಿಸಿ. ತುದಿಯಲ್ಲಿ ಮ್ಯಾಗ್ನೆಟ್ ಇರುವ ಸ್ಕ್ರೂಡ್ರೈವರ್ ಬಳಸಬೇಡಿ. ಒಂದೇ ಕ್ಯಾಸೆಟ್ಟಿನ ಎ ಮತ್ತು ಬಿ ಮಗ್ಗುಲಿಗೆ ಬೇರೆಬೇರೆ ಮಾಡಬೇಕಾಗಿ ಬಂದರೆ ಆಶ್ಚರ್ಯ ಬೇಡ.

ಕಂಪ್ಯೂಟರಿಗೆ ಇಳಿಸುವುದು

ಡೆಕ್ಕಿನ ಲೈನ್ ಔಟಿನಿಂದ, ದನಿಯನ್ನು ಕಂಪ್ಯೂಟರಿಗೆ ದಾಟಿಸುವ ಪೆಟ್ಟಿಗೆಯಾದ ಯುಎಸ್‌ಬಿ ಆಡಿಯೋ ಇಂಟರ್‌ಫೇಸಿನ ಲೈನ್ ಇನ್ನಿಗೆ ವಯರು. ಲ್ಯಾಪ್‌ಟಾಪಿನ ಮೈಕ್ ಕಿಂಡಿಗೆ ನೇರ ಹಾಕಿದರೆ ದನಿ ಒಡೆಯುತ್ತದೆ, ಮೋನೋ ಆಗುತ್ತದೆ. ಅಡಾಸಿಟಿ ಉಚಿತವಾಗಿ ಸಿಗುವ ತಂತ್ರಾಂಶ, ಈ ಕೆಲಸಕ್ಕೆ ಸಾಕು. ಸ್ಟೀರಿಯೋ, 24 ಬಿಟ್, 96 ಕಿಲೋಹರ್ಟ್ಸ್ ಇಟ್ಟುಕೊಳ್ಳಿ. ಹಳೇ ಲ್ಯಾಪ್‌ಟಾಪ್ ತಿಣುಕಿದರೆ 48ಕ್ಕೆ ಇಳಿಯಬಹುದು, ಅದಕ್ಕಿಂತ ಕೆಳಗೆ ಬೇಡ. ದನಿಯನ್ನು ಕುಗ್ಗಿಸದೆ ಉಳಿಸುವ ವೇವ್ ಫೈಲು 96ರಲ್ಲಿ ಗಂಟೆಗೆ ಸುಮಾರು 2 ಜಿಬಿ, 48ರಲ್ಲಿ ಸುಮಾರು 1 ಜಿಬಿ. ನೂರು ಸಿ-60 ಕ್ಯಾಸೆಟ್ ಎಂದರೂ 1 ಟಿಬಿ ಡಿಸ್ಕಿನ ಕಾಲುಭಾಗವೂ ತುಂಬುವುದಿಲ್ಲ.

ಹಾಡಿನ ಅತಿ ಜೋರಾದ ಜಾಗವನ್ನು ಹುಡುಕಿ ಅಲ್ಲಿ ಮೀಟರು ಮೈನಸ್ 6 ಡೆಸಿಬಲ್ ದಾಟದಂತೆ ಮಟ್ಟ ಹೊಂದಿಸಿ. ಡೋಲು, ಚಂಡೆ ಇರುವ ಕಡೆ ಇನ್ನೂ ಕೆಳಗಿಡಿ. ಮೇಲಕ್ಕೆ ತಾಗಿ ಚಪ್ಪಟೆಯಾದ ದನಿಯನ್ನು ಆಮೇಲೆ ಯಾರಿಂದಲೂ ಸರಿಮಾಡಲಾಗದು. ಟೇಪಿನ ಸುಯ್ ಸದ್ದು ತಗ್ಗಿಸುವ ಡಾಲ್ಬಿ ಗುಂಡಿ ಆಫ್ ಇರಲಿ, ಮನೆಯ ರೆಕಾರ್ಡರುಗಳಲ್ಲಿ ಸಾಮಾನ್ಯವಾಗಿ ಅದು ಇರಲಿಲ್ಲ. ವಿಂಡೋಸಿನ ಸೌಂಡ್ ಸೆಟ್ಟಿಂಗಿನಲ್ಲಿ 'ಎನ್‌ಹಾನ್ಸ್‌ಮೆಂಟ್' ಎಂಬುದೆಲ್ಲ ಆಫ್. ಫೋನು ದೂರ ಇಡಿ. ಕರೆಂಟು ಹೋಗಿ ಬರುವ ಊರಾದರೆ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ, ಡೆಕ್ ಯುಪಿಎಸ್ಸಿನಲ್ಲಿ ಇರಲಿ.

ಒಂದು ಮಗ್ಗುಲನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಫೈಲಾಗಿ ತೆಗೆಯಿರಿ. ನಡುವಿನ ಕೆಮ್ಮು, ಮಗುವಿನ ಅಳು, 'ತಡಿ, ಇನ್ನೂ ಶುರುವಾಗಿಲ್ಲ' ಎಂಬ ಮಾತು ಯಾವುದನ್ನೂ ಕತ್ತರಿಸಬೇಡಿ. ಹಾಡಿದವರ ಹೆಸರು ಹೊರಬೀಳುವುದು ಇಂಥ ಮಾತುಗಳಲ್ಲೇ. ಸುಯ್ ಎನ್ನುವ ಗದ್ದಲ ತೆಗೆಯುವ ಸಾಧನವನ್ನೂ ಮೂಲ ಫೈಲಿನ ಮೇಲೆ ಪ್ರಯೋಗಿಸಬೇಡಿ. ಅದು ಗದ್ದಲದ ಜತೆ ಏಕತಾರಿಯ ಝೇಂಕಾರವನ್ನೂ ತಿಂದು, ಉಳಿದ ದನಿಗೆ ನೀರಿನೊಳಗಿನ ಗುಳುಗುಳು ಸೇರಿಸುತ್ತದೆ. ಮನೆಯವರಿಗೆ ಕೇಳಿಸಲು ಬೇರೆ ಪ್ರತಿ ಮಾಡಿ ಅದರಲ್ಲಿ ಏನು ಬೇಕಾದರೂ ಮಾಡಿಕೊಳ್ಳಿ.

ವೇಗದ ಬಗ್ಗೆ ಒಂದು ಮಾತು. ಬ್ಯಾಟರಿಯಲ್ಲಿ ರೆಕಾರ್ಡ್ ಮಾಡಿದ ಕ್ಯಾಸೆಟ್ಟಿನಲ್ಲಿ ಹಾಡು ಮುಂದುವರಿದಂತೆ ಶ್ರುತಿ ಏರುತ್ತಾ ಹೋಗುವುದುಂಟು. ಹಾಡುಗಾರರ ಉತ್ಸಾಹವೆಂದು ತಿಳಿಯಬೇಡಿ. ಸೆಲ್ ಮುಗಿಯುತ್ತಾ ಬಂದಂತೆ ಅಂದಿನ ಮೆಷೀನು ನಿಧಾನವಾಗಿದೆ, ಈಗ ಸರಿಯಾದ ವೇಗದಲ್ಲಿ ಓಡಿಸಿದಾಗ ಅದೇ ದನಿ ಹೆಚ್ಚು ವೇಗದಲ್ಲಿ ಬರುತ್ತಿದೆ. ಕರೆಂಟಿನಲ್ಲಿ ರೆಕಾರ್ಡ್ ಮಾಡಿದ್ದಾದರೆ ಹಿನ್ನೆಲೆಯ ಗುಂಯ್‌ಗುಟ್ಟುವಿಕೆ 50 ಹರ್ಟ್ಸಿನ ಆಸುಪಾಸು ಇರಬೇಕು. ಅಡಾಸಿಟಿಯ ಸ್ಪೆಕ್ಟ್ರಮ್ ಚಿತ್ರದಲ್ಲಿ ಅದು ಎಲ್ಲಿದೆ ನೋಡಿದರೆ ವೇಗದ ಅಂದಾಜು ಸಿಗುತ್ತದೆ. ಅಂದಾಜು ಮಾತ್ರ, ಏಕೆಂದರೆ ಆ ಕಾಲದಲ್ಲಿ ನಮ್ಮ ಗ್ರಿಡ್ಡೇ 50ರಲ್ಲಿ ನಿಲ್ಲುತ್ತಿರಲಿಲ್ಲ. ಜತೆಗೆ ನಿಮ್ಮ ಡೆಕ್ಕಿನದೇ ಗುಂಯ್‌ಕಾರ ಸೇರಿಕೊಂಡಿದೆಯೇ ಎಂದು ಟೇಪು ನಿಲ್ಲಿಸಿ ನೋಡಿಕೊಳ್ಳಿ. ಕಂಡದ್ದನ್ನು ಮುಂದೆ ಹೇಳುವ ಪಟ್ಟಿಯಲ್ಲಿ ಬರೆಯಿರಿ, ಮೂಲ ಫೈಲನ್ನು ತಿದ್ದಬೇಡಿ.

ಕ್ಯಾಸೆಟ್ ಅಲ್ಲದವು: ಬಿಡಿ ಚಕ್ರಕ್ಕೆ ಸುತ್ತಿದ ಸ್ಪೂಲ್ ಟೇಪಿನಿಂದ ವಿನಿಗರ್ ವಾಸನೆ ಬಂದರೆ ಅದನ್ನು ಬೇರೆಯವುಗಳಿಂದ ದೂರವಿಟ್ಟು ಪರಿಣತರಿಗೆ ಕೊಡಿ. 78 ವೇಗದ ಅರಗಿನ ತಟ್ಟೆಗೆ ಸ್ಪಿರಿಟ್ ತಾಗಿಸಬೇಡಿ, ತಟ್ಟೆಯೇ ಕರಗುತ್ತದೆ. ಅದಕ್ಕೆ ಎಲ್‌ಪಿಯ ಮುಳ್ಳು ಆಗದು, ಅಗಲದ ಬೇರೆ ಮುಳ್ಳು ಬೇಕು. ಮನೆಯಲ್ಲಿ ಬರೆದ ಸಿಡಿಗಳನ್ನು ಇವತ್ತೇ ಡಿಸ್ಕಿಗೆ ಇಳಿಸಿ. ಹಳೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ ಎಎಂಆರ್ ಫೈಲುಗಳನ್ನು ಇದ್ದಂತೆಯೇ ಕಾಪಿ ಮಾಡಿಡಿ.

ಯಾರ ದನಿ ಎಂದು ಬರೆಯುವುದು

ಹೆಸರಿಲ್ಲದ ಫೈಲನ್ನು ಇಪ್ಪತ್ತು ವರ್ಷದ ಮೇಲೆ ಯಾರೂ ತೆರೆಯುವುದಿಲ್ಲ. ಟೇಪಿಗಿಂತ ಬೇಗ ಹೋಗುವುದು ಆ ಟೇಪಿನ ಬಗ್ಗೆ ಗೊತ್ತಿದ್ದವರ ನೆನಪು. ಆದ್ದರಿಂದ ಇಳಿಸಿದ ವಾರದೊಳಗೇ ಊರಿನ ಹಿರಿಯರ ಹತ್ತಿರ ಕೂತು ಕೇಳಿಸಿ. ಕಾಗದ ಹಿಡಿದು 'ಇದು ಯಾವ ಇಸವಿ?' ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಹಾಡು ಓಡಿಸಿ ಸುಮ್ಮನಿರಿ.

'ಅಜ್ಜಿ, ಇದ್ಯಾರ ದನಿ ಗೊತ್ತಾಯ್ತಾ?'

'ಇದು ನಮ್ಮ ದೊಡ್ಡತ್ತಿಗೇದು ಕಣೋ. ಹಿಂದ್ಗಡೆ ಸೊಲ್ಲು ಎತ್ತತಿರೋಳು ಕೆಳಮನೆ ಸೊಸೆ.'

'ಯಾವಾಗಿಂದು ಇರಬಹುದು?'

'ಸಣ್ಣವಳ ಮದ್ವೆ ವರ್ಷ. ಆಗಿನ್ನೂ ನಮ್ಮನೆಗೆ ಕರೆಂಟ್ ಬಂದಿರ್ಲಿಲ್ಲ.'

ಸಣ್ಣವಳ ಲಗ್ನಪತ್ರಿಕೆ ಹುಡುಕಿದರೆ ತಾರೀಕು ಸಿಗುತ್ತದೆ, ಶ್ರುತಿ ಏಕೆ ಏರುತ್ತಿದೆ ಎಂಬುದಕ್ಕೂ ಉತ್ತರ ಸಿಕ್ಕಿತು. ಈ ಮಾತುಕತೆಯನ್ನೂ, ಅಜ್ಜಿ ಒಪ್ಪಿದರೆ, ಫೋನಿನಲ್ಲಿ ರೆಕಾರ್ಡ್ ಮಾಡಿ ಅದೇ ನಂಬರಿನ ಫೋಲ್ಡರಿಗೆ ಸೇರಿಸಿ.

ಸ್ಪ್ರೆಡ್‌ಶೀಟಿನಲ್ಲಿ ಇಷ್ಟಿರಲಿ: ನಂಬರು, ಮಗ್ಗುಲು, ಚೀಟಿಯಲ್ಲಿ ಇದ್ದದ್ದು, ಹಾಡಿದವರು, ರೆಕಾರ್ಡ್ ಮಾಡಿದವರು, ಊರು ಮತ್ತು ತಾಲ್ಲೂಕು, ಸಂದರ್ಭ, ದಿನ, ಪ್ರತಿ ಹಾಡಿನ ಮೊದಲ ಸಾಲು ಅದು ಶುರುವಾಗುವ ನಿಮಿಷದ ಸಮೇತ, ಹೇಳಿದವರು ಯಾರು, ಬಳಸಿದ ಡೆಕ್, ಇಳಿಸಿದ ತಾರೀಕು, ಅನುಮತಿ. ಖಚಿತವಿಲ್ಲದ ಕಡೆ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಖಾಲಿ ಬಿಡಬೇಡಿ. ಫೈಲಿನ ಹೆಸರು ಮಾತ್ರ ಇಂಗ್ಲಿಷ್ ಅಕ್ಷರ ಮತ್ತು ಅಂಕಿಯಲ್ಲಿ ಚಿಕ್ಕದಾಗಿರಲಿ: ಊರಿನ ಮೂರಕ್ಷರ, ನಾಲ್ಕಂಕಿಯ ನಂಬರು, ಮಗ್ಗುಲು. ಜಾಗ ಬಿಡದೆ ಅಡ್ಡಗೆರೆ ಹಾಕಿ.

ಅನುಮತಿಯ ಮಾತು ಬರಿಯ ಶಾಸ್ತ್ರಕ್ಕಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಹಾಡಿದವರ ಪ್ರದರ್ಶನದ ಹಕ್ಕು ಹಾಡಿದ ಮರುವರ್ಷದಿಂದ 50 ವರ್ಷ ಇರುತ್ತದೆ. ಪ್ರಕಟವಾದ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ. ಕೊಂಡ ಕ್ಯಾಸೆಟ್ಟನ್ನು ಮನೆಯಲ್ಲಿ ಉಳಿಸಿಕೊಳ್ಳುವುದು ಬೇರೆ, ಯೂಟ್ಯೂಬಿಗೆ ಹಾಕುವುದು ಬೇರೆ. ಕಾನೂನಿಗಿಂತ ಮುಂಚೆ ಮರ್ಯಾದೆಯ ಪ್ರಶ್ನೆಯೂ ಇದೆ. ಸಾವಿನ ಮನೆಯ ಹಾಡು, ದೇವರು ಬರಿಸುವಾಗಿನ ಪದ ಇಂಥವನ್ನು ಹೊತ್ತಲ್ಲದ ಹೊತ್ತಿನಲ್ಲಿ ಕೇಳಿಸಬಾರದು ಎನ್ನುವ ಮನೆತನಗಳಿವೆ. ಅವನ್ನು ಉಳಿಸಿ, ಹಂಚಬೇಡಿ.

ಎಲ್ಲಿ ಇಡುವುದು

ಮೂರು ಪ್ರತಿ ಬೇಕು. ಒಂದು ಮನೆಯ ಹಾರ್ಡ್‌ಡಿಸ್ಕಿನಲ್ಲಿ, ಎರಡನೆಯದು ಬೇರೆ ಕಂಪನಿಯ ಇನ್ನೊಂದು ಡಿಸ್ಕಿನಲ್ಲಿ, ಮೂರನೆಯದು ಬೇರೆ ಊರಿನಲ್ಲಿರುವ ನೆಂಟರ ಮನೆಯಲ್ಲೋ ಕ್ಲೌಡಿನಲ್ಲೋ. ಮಲೆನಾಡಿನ ಮನೆಯಲ್ಲಿರುವ ಎರಡೂ ಡಿಸ್ಕಿಗೆ ಒಂದೇ ಸಿಡಿಲು ಸಾಕು, ಆದ್ದರಿಂದ ಕೆಲಸ ಮುಗಿದ ಕೂಡಲೇ ವಯರು ಕಳಚಿಡಿ. ಪೆನ್‌ಡ್ರೈವನ್ನು ಪ್ರತಿ ಎಂದು ಲೆಕ್ಕಕ್ಕೆ ಹಿಡಿಯಬೇಡಿ. ವರ್ಷಗಟ್ಟಲೆ ವಿದ್ಯುತ್ ಕಾಣದೆ ಬಿದ್ದಿರುವ ಎಸ್‌ಎಸ್‌ಡಿಯೂ ನಂಬಿಕೆಗೆ ಯೋಗ್ಯವಲ್ಲ. ನೆಂಟರ ಗುಂಪಿಗೆ ಕಳಿಸಲು 192 ಕೆಬಿಪಿಎಸ್ ಎಂಪಿ3 ಮಾಡಿ, ವಾಟ್ಸ್ಯಾಪಿನಲ್ಲಿ ಡಾಕ್ಯುಮೆಂಟ್ ಎಂದು ಆರಿಸಿ ಕಳಿಸಿ.

ಪ್ರತಿ ಫೈಲಿಗೂ ಎಸ್‌ಎಚ್‌ಎ-256 ಚೆಕ್‌ಸಮ್ ತೆಗೆದು ಒಂದು ಟೆಕ್ಸ್ಟ್ ಫೈಲಿನಲ್ಲಿ ಉಳಿಸಿ. ಅದು ಫೈಲಿನ ಹೆಬ್ಬೆಟ್ಟಿನ ಗುರುತಿನ ಹಾಗೆ, ಒಳಗೆ ಒಂದೇ ಒಂದು ಬಿಟ್ ಬದಲಾದರೂ ಹೊಂದುವುದಿಲ್ಲ.

ಇಳಿಸಿಯಾಯಿತೆಂದು ಕ್ಯಾಸೆಟ್ ಎಸೆಯಬೇಡಿ. ನಾಳೆ ಇದಕ್ಕಿಂತ ಒಳ್ಳೆಯ ಮೆಷೀನಿನಲ್ಲಿ ಮತ್ತೆ ಓಡಿಸಬೇಕಾಗಬಹುದು. ಮಗ್ಗುಲಾಗಿ ಮಲಗಿಸದೆ ಪುಸ್ತಕದಂತೆ ನಿಲ್ಲಿಸಿ, ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜತೆ, ಒಳಗೊಂದು ಚಿಕ್ಕ ತೇವಮಾಪಕ ಇಟ್ಟು ಅದು 50 ಶೇಕಡಾ ದಾಟದಂತೆ ನೋಡಿಕೊಳ್ಳಿ. ಡಬ್ಬಿ ಹೊರಗೋಡೆಗೆ ತಾಗದಿರಲಿ, ಸ್ಪೀಕರು ಮತ್ತು ಇನ್ವರ್ಟರಿನಿಂದ ದೂರವಿರಲಿ. ಬಟ್ಟೆಯ ಬೀರುವಿನಲ್ಲಿ ಇಡುವುದಾದರೆ ನುಸಿಗುಳಿಗೆ ತೆಗೆಯಿರಿ, ಅದರ ಆವಿ ಪ್ಲಾಸ್ಟಿಕ್ಕಿಗೆ ಆಗದು.

ಸಂಗ್ರಹ ದೊಡ್ಡದಿದ್ದರೆ ಸಂಸ್ಥೆಗಳನ್ನು ಕೇಳಿ ನೋಡಬಹುದು. ರಾಮನಗರದ ಜಾನಪದ ಲೋಕ, ಹಾವೇರಿ ಜಿಲ್ಲೆಯ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ ನಮ್ಮ ರಾಜ್ಯದಲ್ಲೇ ಇವೆ. ಸಂಗೀತದ ಧ್ವನಿಮುದ್ರಣಗಳಿಗಾಗಿಯೇ 1982ರಲ್ಲಿ ಶುರುವಾದ, ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸಿನ ಸಂಗ್ರಹಾಲಯ ಗುರುಗ್ರಾಮದಲ್ಲಿದೆ. ಕೊಡುವ ಮುಂಚೆ ಮೂರು ಸಂಗತಿ ಬರವಣಿಗೆಯಲ್ಲಿ ಇರಲಿ: ಹಕ್ಕು ಯಾರಲ್ಲಿ ಉಳಿಯುತ್ತದೆ, ಯಾರು ಕೇಳಬಹುದು, ಮನೆಯವರಿಗೆ ಪ್ರತಿ ಯಾವಾಗ ವಾಪಸ್ ಬರುತ್ತದೆ. ಕ್ಯಾಸೆಟ್‌ಗಳನ್ನು ಪಾರ್ಸೆಲ್ಲಿಗೆ ಹಾಕದೆ ಕೈಯಲ್ಲೇ ಒಯ್ದು ಕೊಟ್ಟು, ನಂಬರುವಾರು ರಸೀದಿ ಪಡೆಯಿರಿ.

ವರ್ಷಕ್ಕೆರಡು ಸಲ, ಮೇ ಕೊನೆಗೊಮ್ಮೆ ಮತ್ತು ದೀಪಾವಳಿಗೊಮ್ಮೆ, ಎಲ್ಲ ಡಿಸ್ಕುಗಳನ್ನೂ ಕಂಪ್ಯೂಟರಿಗೆ ಹಾಕಿ ಚೆಕ್‌ಸಮ್ ತಾಳೆ ನೋಡಿ, ಯಾವುದಾದರೂ ಐದು ಫೈಲು ತೆರೆದು ನಡುನಡುವೆ ಕೇಳಿ. ಜೆಲ್ ಹುರಿಯಿರಿ. ಡಿಸ್ಕಿಗೆ ಐದು ವರ್ಷವಾಗುತ್ತಿದ್ದಂತೆ ಅದು ಚೆನ್ನಾಗಿ ಓಡುತ್ತಿದ್ದರೂ ಹೊಸದಕ್ಕೆ ದಾಟಿಸಿ, ಡಿಸ್ಕಿನ ಮೇಲೆ ಕೊಂಡ ತಾರೀಕನ್ನು ಮಾರ್ಕರಿನಲ್ಲಿ ಬರೆದಿಡಿ.